ನೆಟ್‌ಫ್ಲಿಕ್ಸ್‌ನ ಅಮೆರಿಕನ್ ರಾಜಕೀಯ ಧಾರಾವಾಹಿ ‘ಹೌಸ್ ಆಫ್ ಕಾರ್ಡ್ಸ್’ ಕೊನೆಯ ಸೀಸನ್ ನೋಡಿದವರಿಗೆ ಯಾಕೆ ಅಷ್ಟು ಬೇಸರವಾಯಿತು?

ಮುಖ್ಯ ಕಾರಣ ಒಂದೇ: ಐದು ಸೀಸನ್ ನಮ್ಮ ಜೊತೆ ಮಾತಾಡುತ್ತಿದ್ದ ಮನುಷ್ಯ ಆರನೆಯದರಲ್ಲಿ ಇರಲೇ ಇಲ್ಲ. ನಟ ಕೆವಿನ್ ಸ್ಪೇಸಿ ಮೇಲೆ 2017ರಲ್ಲಿ ಲೈಂಗಿಕ ದುರ್ವರ್ತನೆಯ ಆರೋಪಗಳು ಬಂದವು, ನೆಟ್‌ಫ್ಲಿಕ್ಸ್ ಅವರನ್ನು ಕೈಬಿಟ್ಟಿತು. ಹಾಗಾಗಿ 2018ರ ಕೊನೆಯ ಸೀಸನ್ ಶುರುವಾಗುವ ಹೊತ್ತಿಗೆ ಅವರು ಮಾಡುತ್ತಿದ್ದ ಕುತಂತ್ರಿ ರಾಜಕಾರಣಿ ಫ್ರಾಂಕ್ ಅಂಡರ್‌ವುಡ್ ಪಾತ್ರ ಸತ್ತಾಗಿತ್ತು. ಆ ಸಾವನ್ನು ತೋರಿಸಲೂ ಇಲ್ಲ.

ಒಂದು ಪಾತ್ರ ಹೋದರೆ ಕಥೆ ನಡೆಯಲ್ವಾ ಅಂತ ಕೇಳಬಹುದು. ಬೇರೆ ಧಾರಾವಾಹಿಯಾಗಿದ್ದರೆ ನಡೆಯುತ್ತಿತ್ತೇನೋ. ಇಲ್ಲಿ ಫ್ರಾಂಕ್ ಕ್ಯಾಮೆರಾ ಕಡೆ ತಿರುಗಿ ನೇರವಾಗಿ ನಮಗೇ ಗುಟ್ಟು ಹೇಳುತ್ತಿದ್ದ. ಮೊದಲ ಎಪಿಸೋಡಿನ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಕಾರಿಗೆ ಸಿಕ್ಕಿ ನರಳುತ್ತಿರುವ ನಾಯಿಯ ಪಕ್ಕ ಕೂತು, ಅದರ ಜೀವ ತೆಗೆಯುತ್ತಲೇ ನಮ್ಮ ಜೊತೆ ಮಾತಾಡುತ್ತಾನೆ. ಅವನ ಮನಸ್ಸಿನಲ್ಲಿ ಏನಿದೆ ಅಂತ ಎದುರಿಗೆ ನಿಂತವರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತು. ಕೆಟ್ಟವನೆಂದು ತಿಳಿದೂ ನಾವು ಅವನ ಪಾಲುದಾರರಾಗುತ್ತೇವೆ. ಆ ಸಲಿಗೆಯೇ ಈ ಧಾರಾವಾಹಿಯ ಜೀವ.

ಫ್ರಾಂಕ್ ನಂತರ ಅಧ್ಯಕ್ಷೆಯಾದ ಅವನ ಹೆಂಡತಿ ಕ್ಲೇರ್ ಕೂಡ ಕ್ಯಾಮೆರಾ ನೋಡಿ ಮಾತಾಡಿದಳು. ಆ ಪಾತ್ರ ಮಾಡಿದ ರಾಬಿನ್ ರೈಟ್ ನಟನೆ ನನಗಂತೂ ತುಂಬಾ ಇಷ್ಟ. ಆದರೆ ಅವಳಿಗೆ ಸಿಕ್ಕಿದ್ದು 8 ಎಪಿಸೋಡು ಮಾತ್ರ. ಹಿಂದಿನ ಸೀಸನ್‌ಗಳಲ್ಲಿ ತಲಾ 13 ಇದ್ದವು. ಅದರಲ್ಲೂ ಜಾಸ್ತಿ ಹೊತ್ತು ಫ್ರಾಂಕ್ ಹೇಗೆ ಸತ್ತ ಅನ್ನುವುದರ ಸುತ್ತಲೇ ಕಳೆಯಿತು. ಕೊನೆಗೆ ಅಧ್ಯಕ್ಷರ ಕಚೇರಿಯಾದ ಓವಲ್ ಆಫೀಸಿನಲ್ಲಿ ಫ್ರಾಂಕ್‌ನ ಬಲಗೈ ಬಂಟ ಡಗ್ ಸ್ಟ್ಯಾಂಪರ್ ಸಾಯುತ್ತಾನೆ, ಕಥೆ ತಟ್ಟನೆ ನಿಲ್ಲುತ್ತದೆ. ಕ್ಲೇರ್‌ಗೂ ಶ್ರೀಮಂತ ಉದ್ಯಮಿಗಳಾದ ಶೆಪರ್ಡ್ ಕುಟುಂಬಕ್ಕೂ ನಡೆದ ಜಟಾಪಟಿ ಏನಾಯಿತು ಅಂತ ತಿಳಿಯುವುದೇ ಇಲ್ಲ.