ಟ್ಯಾಕ್ಸ್ ಬಿಲ್‌ನಲ್ಲಿ ರಿಯಲ್ ಪ್ರಾಪರ್ಟಿ, ಡಿಎಂವಿಯಲ್ಲಿ ಇನ್ನೂ ಗಾಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನಾರ್ತ್ ಕ್ಯಾರೊಲೈನಾದಲ್ಲಿ ಸ್ವಂತ ಜಾಗದ ಮೇಲೆ ಡಬಲ್‌ವೈಡ್ ಇದೆ, ಅಂದರೆ ಫ್ಯಾಕ್ಟರಿಯಲ್ಲಿ ಎರಡು ತುಂಡಾಗಿ ಮಾಡಿ ಎಳೆದು ತಂದು ಜೋಡಿಸಿದ ಮನೆ. ಕೌಂಟಿಯ ಟ್ಯಾಕ್ಸ್ ಬಿಲ್‌ನಲ್ಲಿ ರಿಯಲ್ ಪ್ರಾಪರ್ಟಿ (ಸ್ಥಿರಾಸ್ತಿ) ಎಂದೇ ಬರುತ್ತದೆ. ಆದರೂ ರೀಫೈನಾನ್ಸ್ (ಹಳೆಯ ಸಾಲದ ಬದಲು ಹೊಸ ಸಾಲ) ಕೇಳಿದರೆ ಬ್ಯಾಂಕಿನವರು ಡಿಎಂವಿ ಟೈಟಲ್, ಅಂದರೆ ವಾಹನ ನೋಂದಣಿ ಇಲಾಖೆ ಮನೆಯನ್ನು ಗಾಡಿಯಂತೆ ದಾಖಲಿಸಿ ಕೊಟ್ಟ ಮಾಲೀಕತ್ವದ ಪತ್ರ, ಮೊದಲು ರದ್ದು ಮಾಡಿಸಿ ಅನ್ನುತ್ತಾರೆ. ಇದೇ ರಾಜ್ಯದಲ್ಲಿ ನನ್ನ ಮನೆಗೂ ಇದನ್ನು ಮಾಡಿಸಿದ್ದೇನೆ, ಇಲ್ಲಿನ ಮಟ್ಟಿಗೆ ಹೇಳುತ್ತೇನೆ.

ಬ್ಯಾಂಕಿನವರು ಹೇಳುವುದು ಸರಿ. ಊರಲ್ಲಿ ಕಂದಾಯದ ರಸೀದಿ ಕೈಯಲ್ಲಿದ್ದ ಮಾತ್ರಕ್ಕೆ ಸೈಟು ನಮ್ಮದಾಗುವುದಿಲ್ಲ ಅಲ್ವಾ, ಇದೂ ಹಾಗೇ. ಟ್ಯಾಕ್ಸ್ ಆಫೀಸು ಮನೆ ನೋಡಿ ಬಿಲ್ ಹಾಕುತ್ತದೆ, ಅಷ್ಟೇ. ಅದರಿಂದ ಡಿಎಂವಿಯ ಟೈಟಲ್ ತಾನಾಗಿ ರದ್ದಾಗುವುದಿಲ್ಲ.

ಮೊದಲು ಮನೆ ಕಾನೂನಿನ ಪ್ರಕಾರ ರಿಯಲ್ ಪ್ರಾಪರ್ಟಿ ಆಗಿರಬೇಕು. ಎಳೆದು ತಂದ ಹಿಚ್, ಚಕ್ರ, ಆಕ್ಸಲ್ ಬಿಚ್ಚಿರಬೇಕು. ಪರ್ಮನೆಂಟ್ ಫೌಂಡೇಶನ್ ಮೇಲೆ ಕೂತಿರಬೇಕು. ಜಾಗ ನಿಮ್ಮದಾಗಿರಬೇಕು, ಇಲ್ಲವೇ ಕನಿಷ್ಠ 20 ವರ್ಷದ ಲೀಸ್ ಇರಬೇಕು, ಲೀಸ್ ಮುಗಿದಾಗ ಮನೆ ಏನಾಗುತ್ತದೆ ಅನ್ನುವುದೂ ಅದರಲ್ಲೇ ಬರೆದಿರಬೇಕು. ಇಂಥ ಮನೆಗಳಿಗೆ ತಿಂಗಳ ಬಾಡಿಗೆಗೆ ಜಾಗ ಕೊಡುವ ಪಾರ್ಕಿನಲ್ಲಿ ಇರುವವರಿಗೆ ಈ ದಾರಿ ಇಲ್ಲ.

ಆಮೇಲೆ ಟೈಟಲ್ ರದ್ದಿಗೆ ಡಿಎಂವಿಗೆ ಕೊಡುವ ಎಂವಿಆರ್-46ಜಿ ಅನ್ನುವ ಅಫಿಡವಿಟ್. ಇದರಲ್ಲಿ ಮನೆ ತಯಾರಿಸಿದವರ ಹೆಸರು, ಮಾಡೆಲ್, ಸೀರಿಯಲ್ ನಂಬರ್, ಜಾಗದ ಲೀಗಲ್ ಡಿಸ್ಕ್ರಿಪ್ಷನ್, ಸಾಲವಿದ್ದರೆ ಅದರ ವಿವರ ಬರೆಯಬೇಕು. ಲೀಗಲ್ ಡಿಸ್ಕ್ರಿಪ್ಷನ್ ಅಂದರೆ ಮನೆ ವಿಳಾಸ ಅಲ್ಲ, ಡೀಡ್‌ನಲ್ಲಿ (ಜಾಗದ ಹಕ್ಕುಪತ್ರದಲ್ಲಿ) ಇರುವುದನ್ನು ಅಕ್ಷರಶಃ ಇಳಿಸಿ.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಸೀರಿಯಲ್ ನಂಬರಿನಲ್ಲಿ. ಡಬಲ್‌ವೈಡ್ ಅಂದರೆ ಎರಡು ತುಂಡು, ಒಂದಕ್ಕೆ ಕೊನೆಯಲ್ಲಿ ಎ, ಇನ್ನೊಂದಕ್ಕೆ ಬಿ ಅಂತ ಸಾಮಾನ್ಯವಾಗಿ ಇರುತ್ತದೆ. ಎರಡೂ ಬರೆಯಿರಿ. ಗೋಡೆಯ ಹೊರಗಿನ ಕೆಂಪು ಲೋಹದ ಪಟ್ಟಿಯಲ್ಲಿರುವುದು ಹಡ್ (ಕೇಂದ್ರದ ವಸತಿ ಇಲಾಖೆ) ಲೇಬಲ್ ನಂಬರ್, ಅದು ಬೇರೆ. ಸೀರಿಯಲ್ ನಂಬರ್ ಒಳಗಿನ ಡೇಟಾ ಪ್ಲೇಟ್ ಮೇಲೆ ಇರುತ್ತದೆ. ಅಡುಗೆಮನೆ ಕಪಾಟಿನ ಬಾಗಿಲ ಹಿಂದೆಯೋ ಕ್ಲಾಸೆಟ್ಟಿನಲ್ಲೋ ಅಂಟಿಸಿದ ಕಾಗದ ಅದು. ಹಳೆಯ ಮಾಲೀಕರು ಅದರ ಮೇಲೂ ಪೇಂಟ್ ಬಳಿದಿದ್ದರೆ ಟಾರ್ಚ್ ಹಿಡಿದು ಮನೆಯಡಿ ತೆವಳಬೇಕು. ಉಕ್ಕಿನ ಚಾಸಿಯ ಮುಂದಿನ ಅಡ್ಡಪಟ್ಟಿಯಲ್ಲಿ ನಂಬರ್ ಒತ್ತಿರುತ್ತಾರೆ. ತುಕ್ಕು ಹಿಡಿದಿದ್ದರೆ ಬ್ರಷ್‌ನಿಂದ ಉಜ್ಜಿ ಫೋಟೋ ತೆಗೆಯಿರಿ. ಟೈಟಲ್‌ನಲ್ಲಿರುವ ನಂಬರಿಗೆ ಹೋಲಿಸಿ, ಒಂದಂಕಿ ಬೇರೆ ಇದ್ದರೂ ಮೊದಲು ಅದನ್ನು ತಿದ್ದಿಸಿ.

ನಮ್ಮವರಿಗೆ ಇನ್ನೊಂದು ತೊಡಕು ಹೆಸರು. ಟೈಟಲ್‌ನಲ್ಲಿ ಇನಿಷಿಯಲ್, ಡೀಡ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಅಥವಾ ಜಾಗ ಗಂಡ ಹೆಂಡತಿ ಇಬ್ಬರದು, ಟೈಟಲ್ ಒಬ್ಬರದು. ಅಫಿಡವಿಟ್‌ಗೆ ನೋಟರಿ ಮುಂದೆ ಸಹಿ ಹಾಕುವ ಮೊದಲೇ ಇದನ್ನು ಸರಿಮಾಡಿಕೊಳ್ಳಿ.

ಟೈಟಲ್ ಮೇಲೆ ಹಳೆಯ ಸಾಲದ ಲೀನ್ (ಸಾಲ ಕೊಟ್ಟವರ ಹಕ್ಕು) ಇದ್ದರೆ ಅದು ಬಿಡುಗಡೆ ಆಗಿರಬೇಕು. ಇಲ್ಲದಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು, ಅದಿಲ್ಲದೆ ಡಿಎಂವಿ ಟೈಟಲ್ ರದ್ದು ಮಾಡುವ ಹಾಗಿಲ್ಲ. ಸಾಲ ಯಾವಾಗಲೋ ತೀರಿಸಿದ್ದೀರಿ ಅಂತ ಸುಮ್ನೆ ಕೂರಬೇಡಿ, ರಿಲೀಸ್ ಪತ್ರ ಕೈಯಲ್ಲಿದೆಯೇ ನೋಡಿ.

ಮೂಲ ಟೈಟಲ್ ಮತ್ತು ಅಫಿಡವಿಟ್ ಕೊಟ್ಟ ಮೇಲೆ ಡಿಎಂವಿಯವರು ಟೈಟಲ್ ರದ್ದಾಗಿದೆ ಎಂದು ಅಫಿಡವಿಟ್ ಮೇಲೆ ನಮೂದಿಸಿ ವಾಪಸ್ ಕಳಿಸುತ್ತಾರೆ. ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡು ಡ್ರಾಯರಿಗೆ ಹಾಕುವವರೇ ಜಾಸ್ತಿ. ಅದನ್ನು ಜಾಗ ಇರುವ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ (ಆಸ್ತಿ ಪತ್ರ ನೋಂದಣಿ) ಕಚೇರಿಯಲ್ಲಿ ನೀವೇ ದಾಖಲು ಮಾಡಿಸಬೇಕು. ಹಾಗೆ ದಾಖಲಾದ ಪ್ರತಿಯನ್ನೇ ಬ್ಯಾಂಕಿಗೆ ಕೊಡಿ.

ಇದಾದ ಮೇಲೆ ಮನೆಯನ್ನು ಜಾಗದಿಂದ ಬೇರೆ ಮಾಡಿ ಮಾರುವುದು ಸುಲಭವಲ್ಲ. ಮುಂದೆ ಬೇರೆಡೆಗೆ ಸಾಗಿಸುವ ಯೋಚನೆ ಇದ್ದರೆ ಈಗಲೇ ಕೈ ಹಾಕಬೇಡಿ. ಎಫ್‌ಎಚ್‌ಎ (ಕೇಂದ್ರ ಸರ್ಕಾರ ವಿಮೆ ಕೊಡುವ) ಸಾಲವಾದರೆ ಮನೆ 1976ರ ಜೂನ್ 15ರಂದು ಅಥವಾ ಆಮೇಲೆ ತಯಾರಾದದ್ದಾಗಿರಬೇಕು, ಫೌಂಡೇಶನ್‌ಗೆ ಎಂಜಿನಿಯರ್ ಪತ್ರವೂ ಬೇಕು. ಟೈಟಲ್ ರದ್ದಾಯಿತು ಅಂತ ಆ ಪತ್ರ ಬೇಡ ಅನ್ನುವುದಿಲ್ಲ, ಹಾಗಾಗಿ ನಿಮ್ಮ ಬ್ಯಾಂಕಿನವರನ್ನು ಮೊದಲೇ ಕೇಳಿ ಇಡಿ.