ಹುಣ್ಣು ಒಳಗೆ, ಉರಿ ಹೊರಗೆ

ಜಮಖಂಡಿಯಿಂದ ಬರೆದ ಓದುಗರಿಗೆ ನಮಸ್ಕಾರ.

ಕಬ್ಬು ಕಡಿಯುವ ದಿನಗಳಲ್ಲಿ ನಡುಬೆನ್ನು ಹಿಡಿದು, ಎರಡು ತಿಂಗಳು ಅಂಗಡಿಯ ನೋವಿನ ಗುಳಿಗೆ ನುಂಗಿದ್ದೀರಿ. ಆಮೇಲೆ ಎಂಡೋಸ್ಕೋಪಿ ಮಾಡಿಸಿದರೆ ಹೊಟ್ಟೆಯಲ್ಲಿ ಹುಣ್ಣು. "ಹುಣ್ಣು ಒಳಗೈತಿ, ಅಂಗಿ ತಾಗಿದ್ರೂ ಯಾಕ ಚುರ್ ಅಂತದ್ರಿ? ಮನ್ಯಾಗ ನಾಟಕ ಅಂತಾರ" ಎಂದು ಕೇಳಿದ್ದೀರಿ.

ನಾಟಕ ಅಲ್ಲ. ನಮ್ಮ ಕಚೇರಿಗೆ ಬರುವ ಕೆಲವು ಪತ್ರಗಳಲ್ಲಿ ಕಳಿಸಿದವರ ಹೆಸರೇ ಇರಲ್ಲ, ಊರಿನ ಅಂಚೆ ಮುದ್ರೆ ಮಾತ್ರ ಇರುತ್ತೆ. ಮೆದುಳಿಗೂ ಅದೇ ಫಜೀತಿ. ಜಠರದ ನೋವಿನ ನರಗಳು ಬೆನ್ನುಹುರಿ ಸೇರುವುದು ಎದೆಭಾಗದ ಸುಮಾರು 5ರಿಂದ 9ನೇ ಹಂತದಲ್ಲಿ. ಹೊಟ್ಟೆಯ ಮೇಲ್ಭಾಗದ ಚರ್ಮ, ನಡುಬೆನ್ನು ಇವುಗಳ ನರಗಳೂ ಅಲ್ಲೇ ಬಂದು ಸೇರುತ್ತವೆ. ಹಾಗಾಗಿ ಹುಣ್ಣಿನ ದೂರು ಚರ್ಮದ ದೂರಿನಂತೆ ಕೇಳಿಸುತ್ತದೆ. ದಿನಾ ಅದೇ ದೂರು ಬಂದರೆ ಆ ಹಂತದ ನರಕೋಶಗಳು ಸಿಡುಕಾಗುತ್ತವೆ. ಆಗ ಅಂಗಿಯ ಗುಂಡಿ ತಾಗಿದರೂ ನೋವೇ. ಲಂಡನ್ನಿನ ವೈದ್ಯ ಹೆನ್ರಿ ಹೆಡ್ 1893ರಲ್ಲೇ ಒಳಗಿನ ರೋಗಕ್ಕೆ ಚರ್ಮದ ಯಾವ ಪಟ್ಟಿ ನೋಯುತ್ತದೆ ಎಂದು ಗುರುತಿಸಿ ಬರೆದಿದ್ದ. ಮನೆಯವರಿಗೆ ಇದನ್ನು ಹೇಳಿ.

ಮೊದಲು ಬಂದ ಬೆನ್ನುನೋವು ದುಡಿಮೆಯದೋ, ಹುಣ್ಣಿನದೋ? ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನನಗೆ ಅನುಮಾನ ಇರುವುದು ಆ ಗುಳಿಗೆಗಳ ಮೇಲೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಗುಳಿಗೆಗಳು ನೋವು ಹುಟ್ಟಿಸುವ ರಾಸಾಯನಿಕವನ್ನು ತಡೆಯುತ್ತವೆ. ಜಠರದ ಗೋಡೆಗೆ ಲೋಳೆಯ ಹೊದಿಕೆ ಕೊಡುವುದೂ ಅದೇ ರಾಸಾಯನಿಕ! ಹೊದಿಕೆ ಹೋದರೆ ಆಮ್ಲ ಗೋಡೆಯನ್ನೇ ತಿನ್ನುತ್ತದೆ, ಗುಳಿಗೆಯ ಅಮಲಿನಲ್ಲಿ ಅದು ಗೊತ್ತೂ ಆಗಲ್ಲ. ಪ್ರೆಸ್ಸಿನ ರಾತ್ರಿಗಳಲ್ಲಿ ತಲೆನೋವಿಗೆ ಖಾಲಿ ಹೊಟ್ಟೆಯಲ್ಲಿ ಚಹಾ, ಗುಳಿಗೆ ಹಾಕಿಕೊಂಡ ಮೂರ್ಖರಲ್ಲಿ ನಾನೂ ಒಬ್ಬ.

ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಹುಣ್ಣಿಗೂ ಈ ಬ್ಯಾಕ್ಟೀರಿಯಾಕ್ಕೂ ನಂಟಿದೆ ಎಂದು ತೋರಿಸಿದ ಆಸ್ಟ್ರೇಲಿಯಾದ ಮಾರ್ಷಲ್, ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಸಿಕ್ಕಿತು. ಆ ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ 14 ದಿನದ ಔಷಧಿ. ನಾಲ್ಕು ದಿನಕ್ಕೆ ಆರಾಮಾಯ್ತು ಅಂತ ಬಿಡಬೇಡಿ.

ರೊಟ್ಟಿ ಜೊತೆ ರಂಜಕ ಬಿಡಬೇಕಾ ಅಂತಲೂ ಕೇಳಿದ್ದೀರಿ. ಖಾರದಿಂದ ಹುಣ್ಣು ಹುಟ್ಟಲ್ಲ, ಆದರೆ ಉರಿ ಜಾಸ್ತಿಯಾದರೆ ಮಾಯುವ ತನಕ ದೂರ ಇಡಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಬ್ಬಿನ ಗಾಡಿ ತುಂಬಿಸೋದು ಆಮೇಲೆ ನೋಡಿದರಾಯಿತು.

— ಸಂಪಾದಕ