ಸಾರಿಗೆ ಬೆರೆಸಿದ ಮಾತ್ರೆ, ಕೈಯಾರೆ ನುಂಗಿದ ಮಾತ್ರೆ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಕುಡಿತ ಬಿಡಲು ನೆರವು ಕೇಳಿ ನನ್ನ ಬಳಿ ಬಂದವರೊಬ್ಬರ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರನ್ನು ಶಿವಣ್ಣ ಎಂದೂ ಅವರ ಪತ್ನಿಯನ್ನು ಕಮಲಮ್ಮ ಎಂದೂ ಕರೆಯುತ್ತೇನೆ. ಶಿವಣ್ಣನವರಿಗೆ 44 ವರ್ಷ. ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದಲ್ಲಿ ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಕೊಯ್ದ ಹಣ್ಣನ್ನು ತೂಗಿಸಿ ಬರೆದುಕೊಳ್ಳುವುದು, ಶನಿವಾರ ಬಟವಾಡೆ ಮಾಡುವುದು ಅವರ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆಯಾಗಿಲ್ಲ ಎಂದು ಅವರು ಮೊದಲ ಭೇಟಿಯಲ್ಲೇ ಎರಡು ಸಲ ಹೇಳಿದರು.

ಆ ದಿನ ಗಂಡ ಹೆಂಡತಿ ಇಬ್ಬರೂ ಬಂದಿದ್ದರು, ಆದರೆ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕುಳಿತರು. ಮೊದಲ ಇಪ್ಪತ್ತು ನಿಮಿಷ ಕಮಲಮ್ಮನವರೇ ಮಾತನಾಡಿದರು. ಕೊನೆಗೆ ಶಿವಣ್ಣನವರು ಹೇಳಿದ್ದು ಇಷ್ಟೇ: "ಇವತ್ತು ಬೇಡ ಅಂತ ದಿನಾ ಬೆಳಿಗ್ಗೆ ನಿರ್ಧಾರ ಮಾಡ್ತೀನಿ ಮೇಡಂ. ಸಂಜೆ ಆರೂವರೆಗೆ ತೂಕ ಮುಗಿಯುತ್ತೆ. ಆಮೇಲೆ ಆ ನಿರ್ಧಾರ ನನ್ನ ಕೈಲಿರಲ್ಲ." ಕುಡಿತದ ಸಮಸ್ಯೆ ಇರುವವರಲ್ಲಿ ಬಹುಪಾಲು ಜನರಿಗೆ ಮನಸ್ಸಿನ ಗಟ್ಟಿತನ ಸಾಲದು ಎಂದೇ ಮನೆಯವರೂ ಊರವರೂ ತೀರ್ಮಾನಿಸಿರುತ್ತಾರೆ. ಈ ಮನುಷ್ಯನಿಗೆ ದಿನಕ್ಕೊಮ್ಮೆ ನಿರ್ಧಾರ ಮಾಡುವಷ್ಟು ಮನಸ್ಸಿತ್ತು; ಆರೂವರೆಯ ನಂತರ ಏಳುವ ಬಯಕೆಯ ಎದುರು ಆ ನಿರ್ಧಾರ ನಿಲ್ಲುತ್ತಿರಲಿಲ್ಲ, ಅಷ್ಟೆ. ಬಯಕೆಯ ಜೋರನ್ನು ತಗ್ಗಿಸಲು ಸಾಧ್ಯವೇ ಎಂಬ ಪ್ರಶ್ನೆ ನನ್ನಲ್ಲಿ ಅಂದೇ ಹುಟ್ಟಿತು.

ಅವರು ದಿನಕ್ಕೆ ಒಂದೂವರೆ ಕ್ವಾರ್ಟರ್ ಕುಡಿಯುತ್ತಿದ್ದರು, ಅಂದರೆ 270 ಮಿಲಿಲೀಟರ್ ವಿಸ್ಕಿ. ಅದರಲ್ಲಿ ಸುಮಾರು 90 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಪರೀಕ್ಷೆಯಲ್ಲಿ 40ಕ್ಕೆ 27 ಅಂಕ ಬಂದವು; 20 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮದ್ಯದ ಅವಲಂಬನೆ ಇರಬಹುದೆಂದು ಕೂಲಂಕಷವಾಗಿ ನೋಡಬೇಕು. ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದಾಗ ಕೈ ನಡುಗುತ್ತಿತ್ತು. ಇವೆಲ್ಲಕ್ಕಿಂತ ನನ್ನನ್ನು ಎಚ್ಚರಿಸಿದ್ದು ಹಿಂದಿನ ಡಿಸೆಂಬರಿನ ಒಂದು ಘಟನೆ. ಕುಡಿತ ಬಿಡಲೇಬೇಕೆಂದು ಅವರು ಅಯ್ಯಪ್ಪನ ಮಾಲೆ ಹಾಕಿಕೊಂಡಿದ್ದರು. ಮಾಲೆ ಹಾಕಿದ ಮರುದಿನ ಸಂಜೆ, ತೂಕದ ಕಟ್ಟೆಯ ಬಳಿಯೇ ಫಿಟ್ಸ್ ಬಂದು ಬಿದ್ದರು. ಮಡಿಯಲ್ಲಿ ಏನೋ ದೋಷವಾಗಿದೆ ಎಂದು ಜನ ಆಡಿಕೊಂಡರು, ಮಾಲೆ ತೆಗೆಸಲಾಯಿತು, ಆ ರಾತ್ರಿಯೇ ಕುಡಿತ ಮತ್ತೆ ಶುರುವಾಯಿತು. ವರ್ಷಗಟ್ಟಲೆ ದಿನವೂ ಕುಡಿದ ದೇಹ ಥಟ್ಟನೆ ಮದ್ಯ ನಿಂತಾಗ ಆರು ಗಂಟೆಯಿಂದ ಎರಡು ದಿನಗಳ ಒಳಗೆ ಹೀಗೆ ಸೆಳೆತಕ್ಕೆ ಒಳಗಾಗಬಹುದು. ಎರಡರಿಂದ ನಾಲ್ಕನೆಯ ದಿನಗಳ ನಡುವೆ ಕೆಲವರಿಗೆ ಸನ್ನಿಯೂ ಹಿಡಿದು, ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯವಾಗುತ್ತದೆ. ಹರಕೆ ಹೊತ್ತು ಬಿಡುವವರ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳಿಗ್ಗೆ ಕೈ ನಡುಗುವವರು ಮಾಲೆ ಹಾಕುವ ಮೊದಲು ವೈದ್ಯರನ್ನು ಕಾಣಬೇಕೆಂದು ಗುರುಸ್ವಾಮಿಗಳೇ ಹೇಳುವಂತಾದರೆ ಎಷ್ಟೋ ಜೀವ ಉಳಿದಾವು.

ಎರಡನೆಯ ಭೇಟಿಯಲ್ಲಿ ಕಮಲಮ್ಮನವರ ಜೊತೆ ಬೇರೆಯಾಗಿ ಮಾತನಾಡಿದೆ. ಖಾಲಿ ಕುರ್ಚಿಯ ಕಾರಣ ಆಗ ತಿಳಿಯಿತು. "ನನ್ನ ತಮ್ಮ ಪೇಟೆಯಿಂದ ತಂದುಕೊಟ್ಟ ಮಾತ್ರೆ ಮೇಡಂ. ಅವರಿಗೆ ಗೊತ್ತಾಗದ ಹಾಗೆ ಹಾಕು ಅಂದ. ಪುಡಿ ಮಾಡಿ ಸಾರಿಗೆ ಹಾಕಿದೆ. ಐದು ದಿನ ನಾನೇ ನನ್ನ ಕೈಯಾರೆ ಹಾಕಿದೆ." ಆರನೆಯ ದಿನ ಶಿವಣ್ಣನವರು ಕುಡಿದು ಕಾಲು ಗಂಟೆಯೊಳಗೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ಕುಸಿದರು. ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿನ ವೈದ್ಯರು ಕೇಳಿದಾಗ ಕಮಲಮ್ಮ ಹೆದರಿ ನಿಜ ಹೇಳಿದರು. ಅಂದಿನಿಂದ ಏಳು ತಿಂಗಳು ಶಿವಣ್ಣನವರು ಹೆಂಡತಿ ಬಡಿಸಿದ ಅನ್ನ ಮುಟ್ಟಿರಲಿಲ್ಲ. ಕೈಮರದ ಹೋಟೆಲಿನಲ್ಲಿ ಉಂಡು ಬರುತ್ತಿದ್ದರು.

ಆ ಮಾತ್ರೆ ಡೈಸಲ್ಫಿರಾಮ್. ಡೆನ್ಮಾರ್ಕಿನ ಸಂಶೋಧಕರು 1940ರ ದಶಕದಲ್ಲಿ ಅದರ ಈ ಗುಣವನ್ನು ಗುರುತಿಸಿದರು, 1951ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಮದ್ಯವು ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ, ಆಮೇಲೆ ನಿರಪಾಯಕಾರಿಯಾಗಿ ಒಡೆಯಬೇಕು. ಎರಡನೆಯ ಹಂತವನ್ನು ಈ ಮಾತ್ರೆ ತಡೆಯುತ್ತದೆ. ಹೀಗೆ ವಿಷ ಉಳಿದುಕೊಂಡು ಮೈಯೆಲ್ಲ ತಿರುಗಿಬೀಳುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರಬಹುದು. ಮದ್ಯಸಾರವಿರುವ ಕೆಮ್ಮಿನ ಸಿರಪ್ ಕೂಡ ಸಾಕು. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ, ಮನೆಯವರೊಬ್ಬರ ಎದುರು ನುಂಗುವವರಿಗೆ ಅದು ಒಳ್ಳೆಯ ಔಷಧವೇ. ಆದರೆ ಅದು ಹೆದರಿಕೆಯಿಂದ ತಡೆಯುವ ಔಷಧ. ಏನನ್ನು ನುಂಗಿದ್ದೇನೆಂದೇ ಗೊತ್ತಿಲ್ಲದವನು ಯಾವುದಕ್ಕೆ ಹೆದರಿ ಕುಡಿತ ತಡೆದಾನು? ಗುಟ್ಟಾಗಿ ಕೊಡುವುದರಿಂದ ಅಪಾಯ ಮಾತ್ರ ಪೂರ್ತಿಯಾಗಿ ಉಳಿಯುತ್ತದೆ. "ಕುಡಿಯುವವರಿಗೆ ತಿಳಿಯದಂತೆ" ಎಂದು ಗೋಡೆಗೋಡೆಗೂ ಜಾಹೀರಾತು ಅಂಟಿಸುವವರ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಮಲಮ್ಮನವರನ್ನು ನಾನು ದೂರಲಿಲ್ಲ. ಮಾಡಿದ್ದು ತಪ್ಪೆಂದು ಅವರಿಗೆ ಗೊತ್ತಿತ್ತು; ಅದನ್ನು ಗಂಡನ ಎದುರು ಒಮ್ಮೆ ಬಾಯಿಬಿಟ್ಟು ಹೇಳಿ, ಇನ್ನು ಮುಂದೆ ಅವರ ಊಟದಲ್ಲಿ ಏನೂ ಬೆರೆಸುವುದಿಲ್ಲವೆಂದು ಮಾತು ಕೊಡಿ ಎಂದೆ. ಮುಂದಿನ ಭೇಟಿಯಲ್ಲಿ ಅವರು ಹಾಗೆಯೇ ಹೇಳಿದರು. ಶಿವಣ್ಣನವರು ತಲೆ ತಗ್ಗಿಸಿ ಕುಳಿತಿದ್ದರು, ಉತ್ತರ ಕೊಡಲಿಲ್ಲ.

ಮೊದಲು ಆಗಬೇಕಾದದ್ದು ಅಪಾಯವಿಲ್ಲದೆ ಮದ್ಯ ನಿಲ್ಲಿಸುವುದು. ಹಿಂದೆ ಫಿಟ್ಸ್ ಬಂದವರಿಗೆ ಇದನ್ನು ಮನೆಯಲ್ಲಿ ಮಾಡುವಂತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯದ ಮನೋವೈದ್ಯರಿಗೆ ತೋರಿಸಿದೆವು. ಅವರು ಜಿಲ್ಲಾ ಆಸ್ಪತ್ರೆಯಲ್ಲಿ ಎಂಟು ದಿನ ಒಳರೋಗಿಯಾಗಿ ಇರಿಸಿ, ಕ್ಲೋರ್‌ಡಯಾಜೆಪಾಕ್ಸೈಡ್ ಎಂಬ, ನಡುಕ ಮತ್ತು ಫಿಟ್ಸ್ ತಡೆಯುವ ಔಷಧವನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಟ್ಟರು, ಜೊತೆಗೆ ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು. ಕೈ ನಡುಕ ನಿಂತಿತು. ನಡುಕ ನಿಂತರೆ ಕುಡಿತ ನಿಂತಂತೆ ಎಂದು ಮನೆಯವರು ಭಾವಿಸುವುದು ಇಲ್ಲಿಯೇ. ಬಯಕೆಯ ಚಿಕಿತ್ಸೆ ಇನ್ನೂ ಆರಂಭವೇ ಆಗಿರುವುದಿಲ್ಲ.

ಬಯಕೆಗೆ ಎರಡು ಮುಖ್ಯ ಔಷಧಗಳ ವಿಷಯವನ್ನು ವೈದ್ಯರು ಮುಂದಿಟ್ಟರು. ಅಕಾಂಪ್ರೊಸೇಟ್ ಮದ್ಯ ನಿಂತ ಮೇಲೆ ಮಿದುಳಿನಲ್ಲಿ ಉಳಿಯುವ ಚಡಪಡಿಕೆಯನ್ನು ಶಮನಗೊಳಿಸುತ್ತದೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಯಕೃತ್ತು ಕೆಟ್ಟವರಿಗೂ ಸಾಮಾನ್ಯವಾಗಿ ಕೊಡಬಹುದು, ಆದರೆ ದಿನಕ್ಕೆ ಮೂರು ಹೊತ್ತು ಎರಡೆರಡು ಮಾತ್ರೆ ನುಂಗಬೇಕು. ತೋಟದಲ್ಲಿ ದಿನವಿಡೀ ಅಲೆಯುವವರಿಗೆ ಇದು ನೆನಪಿನಲ್ಲಿ ಉಳಿಯುವುದು ಕಷ್ಟ. ನಾಲ್ಟ್ರೆಕ್ಸೋನ್ ದಿನಕ್ಕೊಂದೇ, 50 ಮಿಲಿಗ್ರಾಂ. ಕುಡಿದಾಗ ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ರಾಸಾಯನಿಕಗಳು ಹೊಮ್ಮಿ ತಮ್ಮ ಜಾಗದಲ್ಲಿ ಕೂತು ಸುಖ ಕೊಡುತ್ತವೆ. ಆ ಜಾಗವನ್ನು ಈ ಮಾತ್ರೆ ಮೊದಲೇ ಹಿಡಿದಿಟ್ಟುಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ ಎಂದಾಗ ಶಿವಣ್ಣನವರು ನನ್ನೆದುರು ಮೊದಲ ಬಾರಿಗೆ ನಕ್ಕರು. ಅದು ಪವಾಡವಲ್ಲ ಎಂಬುದನ್ನೂ ಹೇಳಿದೆ: ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ, ಹನ್ನೊಂದು ಹನ್ನೆರಡು ಜನ ನುಂಗಿದಾಗ ಅದರಿಂದಾಗಿಯೇ ವಿಪರೀತ ಕುಡಿತಕ್ಕೆ ಮರಳದೆ ಉಳಿಯುವವರು ಒಬ್ಬರು. ಕಡಿಮೆ ಎನ್ನಿಸಬಹುದು, ಆದರೆ ಏನೂ ಇಲ್ಲದೆ ವರ್ಷವರ್ಷವೂ ಪ್ರಮಾಣ ಮಾಡುವುದಕ್ಕಿಂತ ಇದು ಗಟ್ಟಿ ಆಸರೆ.

ಇಲ್ಲಿ ನನ್ನ ತಪ್ಪೊಂದನ್ನು ದಾಖಲಿಸಬೇಕು. ಬೇರೆ ಚಟಗಳಿವೆಯೇ ಎಂದು ಕೇಳಿ, ಅವರು ಇಲ್ಲವೆಂದಾಗ "ಇಲ್ಲ" ಎಂದು ಬರೆದುಕೊಂಡಿದ್ದೆ. ವೈದ್ಯರು ಬೇರೆ ರೀತಿ ಕೇಳಿದರು: ಸೊಂಟ ನೋವಿಗೆ ಏನು ನುಂಗುತ್ತೀರಿ? ಜೇಬಿನಿಂದ ಹೊರಬಂದ ಮಾತ್ರೆಯ ಪಟ್ಟಿಯಲ್ಲಿ ಟ್ರಮಡಾಲ್ ಇತ್ತು, ಒಂದು ವರ್ಷದಿಂದ ದಿನಕ್ಕೆರಡು. ಅದು ಅಫೀಮಿನ ಗುಂಪಿಗೆ ಸೇರಿದ ನೋವಿನ ಔಷಧ. ಅದರ ಮೇಲೆ ನಾಲ್ಟ್ರೆಕ್ಸೋನ್ ಕೊಟ್ಟಿದ್ದರೆ ಅದು ಟ್ರಮಡಾಲನ್ನು ಒಮ್ಮೆಲೇ ತಳ್ಳಿ, ಉಗ್ರವಾದ ಯಾತನೆಗೆ ಗುರಿಮಾಡುತ್ತಿತ್ತು. ಶಿವಣ್ಣನವರ ಮನಸ್ಸಿನಲ್ಲಿ ನೋವಿನ ಮಾತ್ರೆ ಚಟದ ಲೆಕ್ಕಕ್ಕೆ ಬರುವಂಥದ್ದೇ ಅಲ್ಲ, ಹಾಗಾಗಿ ಅವರು ಸುಳ್ಳು ಹೇಳಿರಲಿಲ್ಲ. ಅಂದಿನಿಂದ ನಾನು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ತರಲು ಹೇಳುತ್ತೇನೆ. ವೈದ್ಯರು ಟ್ರಮಡಾಲನ್ನು ಇಳಿಸಿ ನಿಲ್ಲಿಸಿ, ಹತ್ತು ದಿನ ಕಾದು, ಯಕೃತ್ತಿನ ಪರೀಕ್ಷೆಯ ಅಂಕಿಗಳು ಸಹಜ ಮಿತಿಯ ಮೂರು ಪಟ್ಟಿಗಿಂತ ಕೆಳಗಿರುವುದನ್ನು ನೋಡಿಕೊಂಡು, ನಾಲ್ಟ್ರೆಕ್ಸೋನನ್ನು ಮೊದಲು ಅರ್ಧ ಮಾತ್ರೆಯಿಂದ ಆರಂಭಿಸಿದರು. ಅಪಘಾತವಾದರೆ ಅಫೀಮಿನ ಗುಂಪಿನ ನೋವಿನ ಚುಚ್ಚುಮದ್ದು ನಾಟುವುದಿಲ್ಲವಾದ್ದರಿಂದ, ಈ ಔಷಧ ಸೇವಿಸುತ್ತಿರುವುದಾಗಿ ಒಂದು ಚೀಟಿ ಬರೆದು ಪರ್ಸಿನಲ್ಲಿಡಲು ಹೇಳಿದರು. ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು. ತಿಂಡಿಯ ನಂತರ ನುಂಗಲು ತೊಡಗಿದ ಮೇಲೆ ಕಡಿಮೆಯಾಯಿತು.

ಗುರಿ ಯಾವುದೆಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಅವರಿಗೆ ಪೂರ್ತಿ ಬಿಡುವುದು ಬೇಕಿರಲಿಲ್ಲ; ಭಾನುವಾರ ಎರಡು ಪೆಗ್, ಅಲ್ಲಿಗೆ ನಿಲ್ಲಿಸುವ ಹತೋಟಿ ಬೇಕಿತ್ತು. ಈ ಆಸೆ ಹಾಸ್ಯಾಸ್ಪದವೇನಲ್ಲ. ಫಿನ್ಲೆಂಡಿನಲ್ಲಿ ಸಂಶೋಧನೆ ನಡೆಸಿದ ಸಿಂಕ್ಲೇರ್ ಎಂಬ ವಿಜ್ಞಾನಿ, ಕುಡಿಯುವ ಒಂದು ಗಂಟೆ ಮೊದಲು ನಾಲ್ಟ್ರೆಕ್ಸೋನ್ ನುಂಗುತ್ತ ಬಂದರೆ ಕುಡಿತಕ್ಕೂ ಸುಖಕ್ಕೂ ಇರುವ ನಂಟು ನಿಧಾನವಾಗಿ ಸಡಿಲಗೊಳ್ಳುತ್ತದೆಂದು ವಾದಿಸಿದವರು. ಯೂರೋಪಿನಲ್ಲಿ 2013ರಿಂದ ನಾಲ್ಮೆಫೀನ್ ಎಂಬ ಇದೇ ಜಾತಿಯ ಮಾತ್ರೆಯನ್ನು ಬೇಕಾದ ದಿನ ಮಾತ್ರ ನುಂಗಲು ಮನ್ನಣೆಯಿದೆ. ಆದರೆ ಆ ಮನ್ನಣೆ ಇರುವುದು ಮದ್ಯ ನಿಲ್ಲಿಸಿದಾಗ ನಡುಕ, ಫಿಟ್ಸ್ ಮುಂತಾದ ದೈಹಿಕ ಲಕ್ಷಣಗಳು ಕಾಣದವರಿಗೆ. ತೂಕದ ಕಟ್ಟೆಯ ಬಳಿ ಫಿಟ್ಸ್ ಬಂದು ಬಿದ್ದವರಿಗೆ ನಾನು ಆ ದಾರಿಯನ್ನು ಸೂಚಿಸಲಾರೆ ಎಂದು ನೇರವಾಗಿ ಹೇಳಿದೆ. ಕೊನೆಗೆ 90 ದಿನ ಪೂರ್ತಿ ಬಿಡುವುದು, ಆಮೇಲೆ ಮತ್ತೆ ಕೂತು ಮಾತನಾಡುವುದು ಎಂದು ಒಪ್ಪಂದವಾಯಿತು. ಲೆಕ್ಕದ ಮನುಷ್ಯನಾದ್ದರಿಂದ ಒಂದು ಪುಸ್ತಕ ಕೊಟ್ಟು, ಬಯಕೆ ಬಂದ ಹೊತ್ತು, ಅದರ ಜೋರಿಗೆ ಹತ್ತರಲ್ಲಿ ಎಷ್ಟು, ಎಷ್ಟು ನಿಮಿಷ ಇತ್ತು ಎಂದು ಬರೆಯಲು ಹೇಳಿದೆ. ಮೊದಲ ವಾರ ಸಂಜೆಗಳಲ್ಲಿ ಒಂಬತ್ತು, ಒಂಬತ್ತು, ಎಂಟು. ಐದನೆಯ ವಾರ ನಾಲ್ಕು, ಮೂರು. ಬಟವಾಡೆಯ ಶನಿವಾರ ಮಾತ್ರ ಏಳು. ಬಯಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇದ್ದ ದಿನ ಪುಸ್ತಕದಲ್ಲಿ ಮೂರೇ ಇದ್ದವು, ಅದನ್ನು ಅವರೇ ಎಣಿಸಿ ತೋರಿಸಿದರು. ಶನಿವಾರ ಬಟವಾಡೆಯ ನಂತರ ಉಳಿದ ಹಣವನ್ನು ಸಾಹುಕಾರರ ಮನೆಗೆ ಒಪ್ಪಿಸಿ, ಪೇಟೆಯ ದಾರಿ ಬಿಟ್ಟು ಒಳದಾರಿಯಲ್ಲಿ ಮನೆಗೆ ಹೋಗುವ ಯೋಜನೆಯೂ ಅವರದೇ.

52ನೆಯ ದಿನ ಅಕ್ಕನ ಮಗನ ಮದುವೆಯ ಬೀಗರೂಟ. ಭಾವಂದಿರು ಬಲವಂತ ಮಾಡಿದರು. ಬೆಳಿಗ್ಗೆ ಮಾತ್ರೆ ನುಂಗಿದ್ದ ಶಿವಣ್ಣನವರು ಎರಡು ಪೆಗ್ ಕುಡಿದು, ಮೂರನೆಯದನ್ನು ಅಲ್ಲೇ ಬಿಟ್ಟು ಎದ್ದರು. ಮರುದಿನ ಏಳು ಗಂಟೆಗೆ ಫೋನ್ ಮಾಡಿ, "ಅದು ಮೊದಲಿನ ಥರ ಹಿಡೀಲೇ ಇಲ್ಲ ಮೇಡಂ, ಉಪ್ಪಿಲ್ಲದ ಸಾರಿನ ಹಾಗಿತ್ತು" ಎಂದರು. ಏಕೆ ಕುಡಿದಿರಿ ಎಂದು ನಾನು ಕೇಳಲಿಲ್ಲ. ಯಾರು ಸುರಿದರು, ಆಗ ಹೊಟ್ಟೆ ಖಾಲಿಯಿತ್ತೇ, ಏಳುವ ಮೊದಲು ಮನಸ್ಸಿನಲ್ಲಿ ಏನು ಬಂತು ಎಂದು ಕೇಳಿ, ಪುಸ್ತಕದಲ್ಲಿ ಬರೆಯಲು ಹೇಳಿದೆ. ಹಾಗಾದರೆ ಇನ್ನು ಭಾನುವಾರಕ್ಕೆ ಎರಡು ಪೆಗ್ ಆಗಬಹುದಲ್ಲವೇ ಎಂಬ ಪ್ರಶ್ನೆಗೆ, ಮೂರನೆಯದು ಬಿಟ್ಟದ್ದು ಮಾತ್ರೆ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ, ಕುಡಿಯಲು ಪರವಾನಗಿಯಲ್ಲ ಎಂದು ಉತ್ತರಿಸಿದೆ. ಅವರಿಗೆ ಬೇಸರವಾಯಿತು. ಎರಡು ಭೇಟಿ ತಪ್ಪಿಸಿದರು, ಮಾತ್ರೆ ನಿಲ್ಲಿಸಿದರು, ಒಂಬತ್ತನೆಯ ದಿನದ ಹೊತ್ತಿಗೆ ಕ್ವಾರ್ಟರಿಗೆ ಮರಳಿದ್ದರು. ಹದಿಮೂರನೆಯ ದಿನ ಒಬ್ಬರೇ ಬಂದು ಪುಸ್ತಕ ಮುಂದಿಟ್ಟರು. ಆ ನಾಲ್ಕು ದಿನಗಳ ಕುಡಿತದ ಲೆಕ್ಕವೂ ಅದರಲ್ಲಿ ಬರೆದಿತ್ತು. ಮತ್ತೆ ನಡುಕ ಶುರುವಾಗಿದೆಯೇ ಎಂದು ನೋಡಲು ಅಂದೇ ವೈದ್ಯರ ಬಳಿ ಕಳುಹಿಸಿದೆ. ಚಿಕಿತ್ಸೆ ಮುಂದುವರಿಯಿತು, ಈ ಬಾರಿ ಎರಡು ಪೆಗ್ಗಿನ ಮಾತನ್ನು ಅವರಾಗಿಯೇ ಎತ್ತಲಿಲ್ಲ.

ಕಮಲಮ್ಮನವರಿಗೆ ಕೊಟ್ಟ ಸಲಹೆ ಇಷ್ಟು: ಬಾಗಿಲಲ್ಲಿ ನಿಂತು ಬಾಯಿ ಮೂಸಬೇಡಿ, ಮಾತ್ರೆ ಎಣಿಸಬೇಡಿ, ಕುಡಿದು ಬಂದ ರಾತ್ರಿ ವಾದಕ್ಕಿಳಿಯದೆ ಮಾತನ್ನು ಬೆಳಿಗ್ಗೆಗೆ ಇಡಿ, ಕುಡಿತ ಮತ್ತೆ ಹೆಚ್ಚಿ ಒಮ್ಮೆಲೇ ನಿಂತರೆ, ಅಥವಾ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಯಾರನ್ನೂ ಕೇಳದೆ 108ಕ್ಕೆ ಕರೆ ಮಾಡಿ. ರಾತ್ರಿ ಹೊತ್ತು ಮಾತನಾಡಬೇಕೆನಿಸಿದರೆ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ.

ಇದು ಹನ್ನೊಂದನೆಯ ತಿಂಗಳು. ಮಾತ್ರೆ ಇನ್ನೂ ನಡೆಯುತ್ತಿದೆ. ಎಂದು ನಿಲ್ಲಿಸಬಹುದೆಂಬುದನ್ನು ಮುಂದಿನ ರಕ್ತಪರೀಕ್ಷೆಯ ನಂತರ ನೋಡೋಣ ಎಂದಿದ್ದಾರೆ ವೈದ್ಯರು. ಮಾತ್ರೆಯ ಪಟ್ಟಿಯನ್ನು ಶಿವಣ್ಣನವರು ಗೋಡೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಟ್ಟು, ಎಲ್ಲರೆದುರು ನುಂಗುತ್ತಾರೆ. ಮನೆಯಲ್ಲೇ ಊಟ ಮಾಡುತ್ತಾರೆ. ಕಮಲಮ್ಮ ಮಾತ್ರ ಸಾರು ಬಡಿಸುವ ಮೊದಲು ಒಂದು ಸೌಟನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಅವರು ನೋಡುವಂತೆ ಒಂದು ತುತ್ತು ಉಂಡು, ಆಮೇಲೆ ಅವರಿಗೆ ಬಡಿಸುತ್ತಾರಂತೆ. "ಅದನ್ನು ಬಿಡೋಕೆ ನೀವೇ ಹೇಳಿ ಮೇಡಂ" ಎಂದು ಹೋದ ಸಲ ಶಿವಣ್ಣನವರು ಕೇಳಿದರು. ಅದನ್ನು ನೀವೇ ಹೇಳಬೇಕು ಎಂದೆ. ಇನ್ನೂ ಹೇಳಿಲ್ಲವಂತೆ.